ಗರಗಸ ತಿನ್ನುವ ಪಾಲು

ಯಾವ ಗರಗಸವೂ ಒಂದು ವಸ್ತುವನ್ನು ಬರೀ ಎರಡು ಮಾಡುವುದಿಲ್ಲ. ಎರಡು ತುಂಡುಗಳು ಕೈಗೆ ಸಿಕ್ಕರೆ, ಅವುಗಳ ನಡುವೆ ಇದ್ದ ಭಾಗ ಪುಡಿಯಾಗಿ ನೆಲಕ್ಕೆ ಬಿದ್ದಿರುತ್ತದೆ. ಮನೆಯ ತೊಲೆ ಕೊಯ್ಯುವ ಬಡಗಿಗೆ ಇದು ಲೆಕ್ಕಕ್ಕಿಲ್ಲದ ನಷ್ಟ. ಆದರೆ ಬೆರಳೆತ್ತರದ ಸೈನಿಕ, ಅಂಗೈಯಗಲದ ವಿಮಾನ, ಮೇಜಿನ ಮೇಲೆ ಹಿಡಿಸುವ ರೈಲು ನಿಲ್ದಾಣ ಮುಂತಾದ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸಿಗೆ ಆ ಪುಡಿಯೇ ದೊಡ್ಡ ಚಿಂತೆ.

ಲೆಕ್ಕ ಸರಳವಾಗಿದೆ. ಮಾದರಿ ತಯಾರಕರು ಹೆಚ್ಚಾಗಿ ಬಳಸುವ ಅಳತೆಗಳಲ್ಲಿ ಒಂದು 1:72. ಅಂದರೆ ನಿಜವಾದ ವಸ್ತುವಿನ ಎಪ್ಪತ್ತೆರಡನೇ ಒಂದು ಪಾಲು. 170 ಸೆಂ.ಮೀ. ಎತ್ತರದ ಸೈನಿಕ ಈ ಅಳತೆಯಲ್ಲಿ ಸುಮಾರು 24 ಮಿ.ಮೀ. ಆಗುತ್ತಾನೆ. ಒಂಬತ್ತು ಸೆಂ.ಮೀ. ಉದ್ದದ ಕತ್ತು 1.25 ಮಿ.ಮೀ.ಗೆ ಇಳಿಯುತ್ತದೆ. ನೇರ ನೋಡುತ್ತಿರುವ ಆ ಬೊಂಬೆಯ ತಲೆಯನ್ನು ತುಸು ಪಕ್ಕಕ್ಕೆ ತಿರುಗಿಸಬೇಕೆಂದರೆ ಕತ್ತನ್ನು ಕೊಯ್ದು ಮತ್ತೆ ಅಂಟಿಸಬೇಕು. ಕಬ್ಬಿಣ ಕೊಯ್ಯುವ ಸಾಮಾನ್ಯ ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ. ಅದರ ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಬೀಳುವ ಸೀಳು ಒಂದು ಮಿ.ಮೀ. ಹತ್ತಿರಕ್ಕೆ ಬರುತ್ತದೆ. ಇದನ್ನು ಬಳಸಿದರೆ ಕತ್ತು ಹೆಚ್ಚುಕಡಿಮೆ ಪೂರ್ತಿ ಪುಡಿಯಾಗಿ ಹೋಗಿ, ತಲೆ ಭುಜದ ಮೇಲೆ ಕುಳಿತುಬಿಡುತ್ತದೆ. ಅಕ್ಕಸಾಲಿಗರು ಬಳಸುವ ಅತಿ ಸಣ್ಣ ಅಲಗಿನ ದಪ್ಪ ಕೇವಲ 0.16 ಮಿ.ಮೀ. ಅದರಿಂದ ಕೊಯ್ದರೆ ಕತ್ತು ಉಳಿಯುತ್ತದೆ.

ಗರಗಸ ತಿನ್ನುವ ಈ ಪಾಲನ್ನು ಕಡಿಮೆ ಮಾಡುವುದು ಹೇಗೆ, ತಪ್ಪಿಸಲಾಗದಿದ್ದರೆ ಮುಚ್ಚುವುದು ಹೇಗೆ ಎಂಬ ಪ್ರಶ್ನೆ ಇಂದಿನ ಹವ್ಯಾಸಿಗಳಿಗಿಂತ ಬಹಳ ಹಳೆಯದು. ಅರಮನೆಗಳ ಪೀಠೋಪಕರಣ, ಮಕ್ಕಳ ಆಟಿಕೆ, ಮೈಸೂರಿನ ಬೀಟೆ ಮರದ ಕುಸುರಿ ಎಲ್ಲಕ್ಕೂ ಈ ಪ್ರಶ್ನೆ ಎದುರಾಗಿದೆ. ಒಂದೊಂದು ಕಡೆಯ ಕುಶಲಕರ್ಮಿಗಳು ಒಂದೊಂದು ಬಗೆಯ ಉತ್ತರ ಕಂಡುಕೊಂಡಿದ್ದಾರೆ.

ಚಾಕುವಿನಿಂದ ಗರಗಸಕ್ಕೆ

ಮರದ ಮೇಲೆ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸಿ ಚಿತ್ರ ಬಿಡಿಸುವ ಕಲೆ ಇಟಲಿಯಲ್ಲಿ 15ನೇ ಶತಮಾನದಲ್ಲಿ ಉತ್ತುಂಗಕ್ಕೇರಿತ್ತು. ಉರ್ಬಿನೊ ನಗರದ ದೊರೆ ಫೆಡೆರಿಗೊ ದ ಮಾಂಟೆಫೆಲ್ಟ್ರೊ 1470ರ ದಶಕದಲ್ಲಿ ತನ್ನ ಅರಮನೆಯಲ್ಲಿ ಮಾಡಿಸಿದ ಓದುವ ಕೋಣೆಯ ಗೋಡೆಗಳ ಮೇಲೆ ಅರೆತೆರೆದ ಬೀರು, ಪುಸ್ತಕ, ವಾದ್ಯಗಳೆಲ್ಲ ಇವೆ. ಅವೆಲ್ಲ ಮರದ ತುಣುಕುಗಳಿಂದಲೇ ಮೂಡಿದ ಭ್ರಮೆ. ಆತನಿಗಾಗಿಯೇ ಗುಬ್ಬಿಯೊದಲ್ಲಿ ಸಿದ್ಧವಾದ ಅಂಥದೇ ಇನ್ನೊಂದು ಕೋಣೆ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಕೆಲಸದಲ್ಲಿ ಮುಖ್ಯ ಆಯುಧ ಚಾಕು. ಚಾಕು ಏನನ್ನೂ ತಿನ್ನುವುದಿಲ್ಲ, ಬರೀ ಬೇರ್ಪಡಿಸುತ್ತದೆ. ಆದರೆ ಅದಕ್ಕೆ ಮಿತಿಗಳಿವೆ. ಬಿಗಿಯಾದ ತಿರುವುಗಳಲ್ಲಿ ಮರದ ಎಳೆ ಸೀಳಿಕೊಂಡು ಹೋಗುತ್ತದೆ. ಹಿತ್ತಾಳೆ, ದಂತ, ಆಮೆಚಿಪ್ಪುಗಳ ಮುಂದೆ ಚಾಕುವಿನ ಆಟ ನಡೆಯುವುದಿಲ್ಲ.

16ನೇ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಕಾರ್ಖಾನೆಗಳಲ್ಲಿ ಹೊಸ ಸಾಧನ ಹರಡಿತು. ಜರ್ಮನಿಯ ಆಗ್ಸ್‌ಬರ್ಗ್ ನಗರ ಆಗ ಗಡಿಯಾರ ತಯಾರಿಕೆಗೂ ಮರದ ಕುಸುರಿಗೂ ಹೆಸರಾಗಿತ್ತು. ಗಡಿಯಾರದ ಸ್ಪ್ರಿಂಗಿನಂಥ ತೆಳ್ಳನೆಯ ಉಕ್ಕಿನ ಪಟ್ಟಿಗೆ ಅರದಿಂದ ಹಲ್ಲು ಕೆತ್ತಿ, ಬಿಲ್ಲಿನಂಥ ಚೌಕಟ್ಟಿಗೆ ಎಳೆದು ಕಟ್ಟಿದರೆ ಸಣ್ಣ ಗರಗಸ ಸಿದ್ಧ. ಇಲ್ಲಿ ಅಲಗಿನಷ್ಟೇ ಚೌಕಟ್ಟೂ ಮುಖ್ಯ. ದೊಡ್ಡ ಗರಗಸ ಬಾಗದೆ ನಿಲ್ಲಲು ತನ್ನ ದಪ್ಪವನ್ನು ನೆಚ್ಚಿಕೊಂಡರೆ, ಈ ಸಣ್ಣ ಅಲಗು ಬಿಗಿತವನ್ನು ನೆಚ್ಚಿಕೊಂಡಿದೆ. ವೀಣೆಯ ತಂತಿಯಂತೆ ಎಳೆದು ಕಟ್ಟಿದ ಅಲಗು ಕೂದಲಿನಷ್ಟು ತೆಳ್ಳಗಿದ್ದರೂ ನೇರ ನಿಲ್ಲುತ್ತದೆ. ಅಗಲ ಕಡಿಮೆ ಇರುವುದರಿಂದ ಯಾವ ಕಡೆಗೆ ಬೇಕಾದರೂ ತಿರುಗುತ್ತದೆ.

ತೆಳ್ಳನೆಯ ಅಲಗಿಗೆ ಏಕರೂಪದ ಉಕ್ಕು ಬೇಕು. ಒಳಗೆ ಕಸರು ಉಳಿದ ಉಕ್ಕು ಅಲ್ಲೇ ಮುರಿಯುತ್ತದೆ. ಇಂಗ್ಲೆಂಡಿನ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುವ ವಿಧಾನ ರೂಪಿಸಿದ್ದು ಇದೇ ಕೊರತೆಯಿಂದ. ಆತ ಮೂಲತಃ ಗಡಿಯಾರ ತಯಾರಕ. ಆತನಿಗೆ ಬೇಕಾಗಿದ್ದದ್ದು ಒಳ್ಳೆಯ ಸ್ಪ್ರಿಂಗು. ಮೂಸೆಯಲ್ಲಿ ಉಕ್ಕು ಮಾಡುವ ಬೇರೆಯೇ ಒಂದು ವಿದ್ಯೆ ದಕ್ಷಿಣ ಭಾರತದಲ್ಲಿ ಅದಕ್ಕೂ ಬಹಳ ಹಿಂದಿನಿಂದ ಇತ್ತು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿದ್ದಾನೆ.

ಬೂಲ್ ಕಂಡುಕೊಂಡ ಲಾಭ

ಈ ಸಣ್ಣ ಗರಗಸವನ್ನು ಅರಮನೆಯ ವೈಭವಕ್ಕೆ ಏರಿಸಿದವನು ಫ್ರಾನ್ಸಿನ ಆಂಡ್ರೆ ಶಾರ್ಲ್ ಬೂಲ್ (1642-1732). 14ನೇ ಲೂಯಿ ದೊರೆಯ ಆಸ್ಥಾನ ಕುಶಲಕರ್ಮಿಯಾಗಿ 1672ರಲ್ಲಿ ಈತನಿಗೆ ಲೂವ್ರ್ ಅರಮನೆಯಲ್ಲೇ ವಸತಿ ದೊರೆಯಿತು. ಆಮೆಚಿಪ್ಪು ಮತ್ತು ಹಿತ್ತಾಳೆ ಸೇರಿಸಿ ಮಾಡಿದ ಬೀರು, ಮೇಜು, ಗಡಿಯಾರದ ಪೆಟ್ಟಿಗೆಗಳು ಈತನ ವೈಶಿಷ್ಟ್ಯ. ಈ ವಿಧಾನವನ್ನು ಮೊದಲು ಕಂಡುಹಿಡಿದವನು ಬೂಲ್ ಅಲ್ಲವಾದರೂ, ಅದನ್ನು ಪರಿಪೂರ್ಣಗೊಳಿಸಿದ್ದರಿಂದ ಅದಕ್ಕೆ ಆತನ ಹೆಸರೇ ನಿಂತಿತು. ಇಂಗ್ಲಿಷಿನಲ್ಲಿ ಸಣ್ಣ ಗರಗಸಕ್ಕೂ ‘ಬೂಲ್ ಸಾ’ ಎಂಬ ಹೆಸರು ಬಂತು.

ವಿಧಾನ ಹೀಗಿದೆ: ಆಮೆಚಿಪ್ಪಿನ ಹಾಳೆ ಮತ್ತು ಹಿತ್ತಾಳೆಯ ತಗಡನ್ನು ಒಂದರ ಮೇಲೊಂದು ಇಟ್ಟು ಬಿಗಿದು, ಮೇಲೆ ಬಳ್ಳಿಯ ಚಿತ್ರ ಅಂಟಿಸಿ, ಎರಡನ್ನೂ ಒಟ್ಟಿಗೇ ಕೊಯ್ಯುವುದು. ಬಿಡಿಸಿದಾಗ ಎರಡು ಬಳ್ಳಿ, ಎರಡು ಹಿನ್ನೆಲೆ ಸಿಗುತ್ತವೆ. ಚಿಪ್ಪಿನ ಹಿನ್ನೆಲೆಗೆ ಹಿತ್ತಾಳೆಯ ಬಳ್ಳಿ ಕೂರಿಸಿದರೆ ಒಂದು ಬೀರುವಿಗಾಯಿತು. ಉಳಿದ ಹಿತ್ತಾಳೆಯ ಹಿನ್ನೆಲೆಗೆ ಚಿಪ್ಪಿನ ಬಳ್ಳಿ ಕೂರಿಸಿದರೆ ಅದರ ಜೋಡಿಗಾಯಿತು. ದುಬಾರಿ ವಸ್ತುವಿನಲ್ಲಿ ವ್ಯರ್ಥವಾಗುವುದು ಗರಗಸ ತಿಂದ ಪುಡಿ ಮಾತ್ರ. ತುಂಡುಗಳ ಸುತ್ತ ಉಳಿಯುವ ಕೂದಲೆಳೆಯ ಸಂದಿಗೆ ಬಣ್ಣ ಬೆರೆಸಿದ ಸರೇಸು ತುಂಬಿದರೆ ಅದು ಚಿತ್ರದ ರೇಖೆಯಂತೆಯೇ ಕಾಣುತ್ತದೆ. ಅಲಗು ದಪ್ಪವಾದಷ್ಟೂ ಈ ರೇಖೆ ಒರಟಾಗುತ್ತದೆ. ಹೀಗಾಗಿ ತೆಳ್ಳನೆಯ ಅಲಗಿಲ್ಲದೆ ಬೂಲ್ ಶೈಲಿಯೇ ಇಲ್ಲ.

ಮುಂದಿನವರು ಆ ಸಂದಿಯನ್ನೂ ಇಲ್ಲವಾಗಿಸುವ ಉಪಾಯ ಕಂಡುಕೊಂಡರು. ಹಲಗೆಯನ್ನು ತುಸು ಓರೆಯಾಗಿಸಿ ಕೊಯ್ದರೆ ಮೇಲಿನ ಹಾಳೆಯ ತುಂಡು ಕೆಳಗಿನ ಹಾಳೆಯ ರಂಧ್ರಕ್ಕಿಂತ ಕೊಂಚ ದೊಡ್ಡದಾಗುತ್ತದೆ. ಅದನ್ನು ಕೆಳಕ್ಕೆ ತಳ್ಳಿದರೆ ಬಾಟಲಿಗೆ ಬಿರಡೆ ಹಾಕಿದಂತೆ ಬಿಗಿಯಾಗಿ ಕೂರುತ್ತದೆ. ಎಷ್ಟು ಓರೆ ಎಂಬುದನ್ನು ನಿರ್ಧರಿಸುವುದು ಅಲಗಿನ ಸೀಳು. ಹಾಳೆ 1.5 ಮಿ.ಮೀ. ದಪ್ಪವಿದ್ದು ಸೀಳು 0.26 ಮಿ.ಮೀ. ಆದರೆ ಸುಮಾರು 10 ಡಿಗ್ರಿ ಓರೆ ಸಾಕು. ಅಲಗು ಬದಲಾದರೆ ಕೋನವೂ ಬದಲಾಗಬೇಕು.

ಕೊಯ್ದ ಭೂಪಟ

ಎಲ್ಲರೂ ಮುಚ್ಚಲು ಹೆಣಗುತ್ತಿದ್ದ ಸಂದಿಯನ್ನೇ ಉಪಯೋಗಕ್ಕೆ ಹಚ್ಚಿದವನು ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ. ಭೂಪಟಗಳನ್ನು ಕೆತ್ತುವ ವೃತ್ತಿಯ ಈತ 1760ರ ದಶಕದಲ್ಲಿ ಭೂಪಟವನ್ನು ಮಹಾಗನಿ ಹಲಗೆಗೆ ಅಂಟಿಸಿ, ದೇಶಗಳ ಗಡಿಯ ಗುಂಟ ಕೊಯ್ದು ಮಾರತೊಡಗಿದ. ಮಕ್ಕಳು ತುಂಡುಗಳನ್ನು ಜೋಡಿಸುತ್ತಾ ಭೂಗೋಳ ಕಲಿಯಬೇಕು ಎಂಬುದು ಉದ್ದೇಶ. ಗರಗಸ ತಿಂದದ್ದು ದೇಶ ದೇಶಗಳ ನಡುವಿನ ಗಡಿರೇಖೆಯನ್ನು. ಆ ಸಂದಿ ಇದ್ದುದರಿಂದಲೇ ತುಂಡುಗಳು ಸಲೀಸಾಗಿ ಹೊರಬಂದು ಮತ್ತೆ ಕೂರುತ್ತಿದ್ದವು. ಸ್ಪಿಲ್ಸ್‌ಬರಿ 1769ರಲ್ಲಿ, ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡ. ಆದರೆ ಆತ ಆರಂಭಿಸಿದ ವ್ಯಾಪಾರ ಬೆಳೆಯಿತು. ಇಂದು ಮನೆಮನೆಯಲ್ಲೂ ಇರುವ ಜಿಗ್‌ಸಾ ಚಿತ್ರಬಂಧದ ಮೂಲ ಇದೇ. ಆ ಹೆಸರಲ್ಲಿರುವ ‘ಸಾ’ ಎಂದರೆ ಗರಗಸ.

19ನೇ ಶತಮಾನದಲ್ಲಿ ಕಾಲಿನಿಂದ ತುಳಿದು ನಡೆಸುವ ಸಣ್ಣ ಗರಗಸ ಯಂತ್ರಗಳು ಬಂದವು. ಅಲಗುಗಳನ್ನು ಕೈಯಿಂದ ಅರ ಹಾಕಿ ಮಾಡುವ ಬದಲು ಕಾರ್ಖಾನೆಗಳು ಡಜನ್ನು ಡಜನ್ನಾಗಿ ಮಾರತೊಡಗಿದವು. ಅರಮನೆಯ ಕುಶಲಕರ್ಮಿಯ ಕೈಯಲ್ಲಿದ್ದ ಸಾಧನ ಗುಮಾಸ್ತರು, ಶಾಲಾ ಹುಡುಗರು, ಗೃಹಿಣಿಯರ ಕೈಗೆ ಬಂತು. ತೆಳು ಹಲಗೆಯಲ್ಲಿ ಜಾಲರಿ ಕೊರೆದು ಚಿತ್ರದ ಚೌಕಟ್ಟು, ಗೋಡೆ ಕಪಾಟು ಮಾಡುವುದು ಯುರೋಪ್, ಅಮೆರಿಕಗಳಲ್ಲಿ ದೊಡ್ಡ ಹವ್ಯಾಸವಾಯಿತು. ಇಂಗ್ಲೆಂಡಿನಲ್ಲಿ 1895ರಲ್ಲಿ ಆರಂಭವಾದ ‘ಹಾಬೀಸ್’ ಎಂಬ ವಾರಪತ್ರಿಕೆ ಇಂಥವರಿಗೆಂದೇ ನಕ್ಷೆಗಳನ್ನು ಒದಗಿಸುತ್ತಿತ್ತು. ಅದೇ ಹೆಸರಿನ ಸಂಸ್ಥೆ ಗರಗಸ, ಅಲಗು, ಮರದ ಹಲಗೆಗಳನ್ನೂ ಮಾರುತ್ತಿತ್ತು.

ಚಿತ್ರಬಂಧಗಳ ವಿಷಯದಲ್ಲಿ ಗರಗಸದ ಕಾಲ ಬೇಗ ಮುಗಿಯಿತು. 1909ರ ಸುಮಾರಿಗೆ ಅಮೆರಿಕದಲ್ಲಿ ಮರದ ಚಿತ್ರಬಂಧದ ಹುಚ್ಚು ಎಷ್ಟಿತ್ತೆಂದರೆ, ಆಟಿಕೆ ತಯಾರಕರಾದ ಪಾರ್ಕರ್ ಬ್ರದರ್ಸ್ ಬೇರೆ ಆಟಗಳ ತಯಾರಿಕೆಯನ್ನೇ ನಿಲ್ಲಿಸಿ ತಮ್ಮ ಕಾರ್ಖಾನೆಯನ್ನು ಇದಕ್ಕೆ ಮೀಸಲಿಟ್ಟರು. ಆದರೆ 1932-33ರ ಆರ್ಥಿಕ ಕುಸಿತದ ದಿನಗಳಲ್ಲಿ ಅಚ್ಚಿನಿಂದ ಒತ್ತಿ ಕತ್ತರಿಸಿದ ರಟ್ಟಿನ ಚಿತ್ರಬಂಧಗಳು ಅಗ್ಗದ ಬೆಲೆಗೆ ಬಂದವು. 1933ರ ಆರಂಭದಲ್ಲಿ ಅವುಗಳ ಮಾರಾಟ ವಾರಕ್ಕೆ ಒಂದು ಕೋಟಿ ತಲುಪಿತ್ತು ಎನ್ನಲಾಗುತ್ತದೆ. ಹೆಸರಿನಲ್ಲಿ ಗರಗಸ ಉಳಿಯಿತು, ಕೆಲಸದಲ್ಲಿ ಹೋಯಿತು.

ಮೈಸೂರಿನ ಬೇರೆ ದಾರಿ

ಮೈಸೂರಿನ ಬೀಟೆ ಮರದ ಕುಸುರಿ ಕೆಲಸದಲ್ಲೂ ಸಣ್ಣ ಗರಗಸವೇ ಪ್ರಧಾನ. ಆದರೆ ಇಲ್ಲಿಯವರ ಉತ್ತರ ಬೂಲ್‌ನದಕ್ಕಿಂತ ಭಿನ್ನ. ಚಿತ್ರವನ್ನು ಕಾಗದದ ಮೇಲೆ ಬರೆದು, ಭಾಗ ಭಾಗವಾಗಿ ತೆಳು ಮರದ ಹಾಳೆಗಳಿಗೆ ಅಂಟಿಸಿ, ಆನೆಯ ಸೊಂಡಿಲು, ಮರದ ಎಲೆ, ಗುಡಿಸಲಿನ ಮಾಡು ಹೀಗೆ ಒಂದೊಂದನ್ನೂ ಪ್ರತ್ಯೇಕವಾಗಿ ಕೊಯ್ಯುತ್ತಾರೆ. ಬಳಿಕ ಆ ತುಂಡಿನ ಅಂಚನ್ನು ಬೀಟೆ ಹಲಗೆಯ ಮೇಲೆ ಗುರುತು ಹಾಕಿಕೊಂಡು, ಉಳಿಯಿಂದ ಅಷ್ಟೇ ಆಳದ ಗುಳಿ ತೋಡಿ, ತುಂಡನ್ನು ಅಂಟಿಸಿ ಉಜ್ಜಿ ಸಮ ಮಾಡುತ್ತಾರೆ. ಗರಗಸದ ಪಾಲು ಹಾಳೆಯ ಹೊರಭಾಗದಲ್ಲೇ ಹೋಗುತ್ತದೆ. ಗುಳಿ ತುಂಡಿನ ಅಳತೆಗೇ ತಯಾರಾಗುವುದರಿಂದ ಸಂದಿ ಉಳಿಯುವುದಿಲ್ಲ. ಹೊರೆ ಬೀಳುವುದು ಉಳಿ ಹಿಡಿದ ಕೈಯ ಮೇಲೆ. ಆದರೂ ಎಲೆಯ ಮೊನೆ, ಸೊಂಡಿಲಿನ ಸುರುಳಿ ಒಡೆಯದೆ ಬರಬೇಕಾದರೆ ಅಲಗು ತೆಳ್ಳಗೇ ಇರಬೇಕು.

ಹಿಂದೆ ಈ ಕೆಲಸಕ್ಕೆ ಆನೆಯ ದಂತವೇ ಬಹುಮಾನ್ಯ ವಸ್ತು. 1897ರಲ್ಲಿ ಬೆಂಕಿಗೆ ಆಹುತಿಯಾದ ಹಳೆಯ ಅರಮನೆಯ ಜಾಗದಲ್ಲಿ 1912ರ ಹೊತ್ತಿಗೆ ಪೂರ್ಣಗೊಂಡ ಇಂದಿನ ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬೀಟೆ ಮರದ ಬಾಗಿಲನ್ನು ನೋಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಬಂದ ತಿದ್ದುಪಡಿ ಭಾರತದ ಆನೆಯ ದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿ ಆಫ್ರಿಕದ ದಂತಕ್ಕೂ ಅದನ್ನು ವಿಸ್ತರಿಸಿತು. ಬೂಲ್ ಬಳಸುತ್ತಿದ್ದ ಕಡಲಾಮೆಯ ಚಿಪ್ಪಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೂ 1970ರ ದಶಕದಲ್ಲೇ ನಿರ್ಬಂಧ ಬಿದ್ದಿತ್ತು. ತೆಳ್ಳನೆಯ ಅಲಗು ದಂತದ ಪುಡಿಯನ್ನು ಉಳಿಸಬಲ್ಲುದಾಗಿತ್ತು, ಆನೆಯನ್ನಲ್ಲ. ಅದಕ್ಕೆ ಕಾನೂನೇ ಬೇಕಾಯಿತು. ದಂತದ ಜಾಗಕ್ಕೆ ಬಗೆಬಗೆಯ ಬಣ್ಣದ ಮರಗಳೂ ಪ್ಲಾಸ್ಟಿಕ್ಕೂ ಬಂದವು. ವಸ್ತು ಬದಲಾದಾಗ ಅಲಗಿನ ಆಯ್ಕೆಯೂ ಬದಲಾಯಿತು. ದಂತ ಗಟ್ಟಿ, ನಯ. ಪ್ಲಾಸ್ಟಿಕ್ಕಾದರೋ ಉಜ್ಜಿದರೆ ಬಿಸಿಯಾಗಿ ಅಲಗಿಗೆ ಮೆತ್ತಿಕೊಳ್ಳುತ್ತದೆ.

ಪುಟ್ಟ ಮಾದರಿಗಳ ಲೋಕ

ಹವ್ಯಾಸಿಗಳ ಮಾದರಿಗಳಲ್ಲೂ ಇದೇ ಬಗೆಯ ಬದಲಾವಣೆ ನಡೆಯಿತು. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಸಂಸ್ಥೆ 1893ರಲ್ಲಿ ಒಳಗೆ ಪೊಳ್ಳಾಗಿರುವ ಸೀಸದ ಸೈನಿಕರನ್ನು ಎರಕ ಹೊಯ್ಯತೊಡಗಿದಾಗ ಬೊಂಬೆಗಳ ಬೆಲೆ ಇಳಿಯಿತು. 1936ರಲ್ಲಿ ಅದೇ ದೇಶದ ‘ಫ್ರಾಗ್’ ಸಂಸ್ಥೆ ಜೋಡಿಸುವ ಪ್ಲಾಸ್ಟಿಕ್ ವಿಮಾನಗಳನ್ನು 1:72ರ ಅಳತೆಯಲ್ಲಿ ಹೊರತಂದಿತು. ಎರಡನೇ ಮಹಾಯುದ್ಧದ ನಂತರ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಈ ಹವ್ಯಾಸದ ಮುಖ್ಯ ವಸ್ತುವಾಯಿತು. ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದಂತೆ ಜೋಡಿಸಿ ತೃಪ್ತರಾಗದವರು ವಿಮಾನದ ರೆಕ್ಕೆ ಮಡಿಸಲು, ಬಾಗಿಲು ತೆರೆದಿಡಲು, ಸೈನಿಕನ ಕೈ ಎತ್ತಿಸಲು ಹೊರಟರು. ಆಗ ಮತ್ತೆ ಸಣ್ಣ ಗರಗಸವೇ ಬೇಕಾಯಿತು.

ಅಕ್ಕಸಾಲಿಗರ ಅಲಗುಗಳನ್ನು ಗುರುತಿಸುವುದು ಅಂಕಿಗಳಿಂದ. ಸೊನ್ನೆಯಿಂದ ಮೇಲಕ್ಕೆ 1, 2, 3 ಎಂದು ಹೋದಂತೆ ಅಲಗು ದಪ್ಪವಾಗುತ್ತದೆ. 2/0, 4/0, 8/0 ಎಂದು ಹೋದಂತೆ ತೆಳ್ಳಗಾಗುತ್ತದೆ. 2ನೇ ನಂಬರಿನ ಅಲಗಿನ ದಪ್ಪ ಸುಮಾರು 0.34 ಮಿ.ಮೀ., 2/0ದ್ದು 0.26, 8/0ದ್ದು 0.16. ಹಲ್ಲುಗಳ ಲೆಕ್ಕದಲ್ಲಿ 2/0ದಲ್ಲಿ ಅಂಗುಲಕ್ಕೆ ಸುಮಾರು 56, 8/0ದಲ್ಲಿ 80ಕ್ಕೂ ಹೆಚ್ಚು.

ಆಯ್ಕೆಯ ಮೊದಲ ಸೂತ್ರ: ಕೊಯ್ಯುವ ವಸ್ತುವಿನ ದಪ್ಪದೊಳಗೆ ಯಾವಾಗಲೂ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಹಲ್ಲು ಇರಬೇಕು. ಒಂದೇ ಹಲ್ಲಿದ್ದರೆ ತಗಡಿನ ಅಂಚು ಎರಡು ಹಲ್ಲುಗಳ ನಡುವೆ ಸಿಕ್ಕಿಕೊಂಡು ಅಲಗು ಮುರಿಯುತ್ತದೆ. ಒಂದು ಮಿ.ಮೀ. ದಪ್ಪದ ಹಿತ್ತಾಳೆಗೆ ಎರಡು ಹಲ್ಲು ಬೇಕೆಂದರೆ ಅಂಗುಲಕ್ಕೆ 50 ಹಲ್ಲಾದರೂ ಇರಬೇಕು, 2/0 ಸರಿಹೋಗುತ್ತದೆ.

ಎರಡನೆಯ ಸೂತ್ರ ಮೊದಲನೆಯದಕ್ಕೆ ಕಡಿವಾಣ ಹಾಕುತ್ತದೆ. ಮೃದುವಾದ ವಸ್ತುವಿಗೆ ಬಹಳ ಸಣ್ಣ ಹಲ್ಲು ಒಗ್ಗುವುದಿಲ್ಲ. ಸೀಸ ಹಲ್ಲಿನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ. ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಮೆತ್ತಗಾಗುವುದರಿಂದ, ವೇಗವಾಗಿ ಕೊಯ್ದರೆ ಪುಡಿ ಕರಗಿ ಸೀಳನ್ನೇ ಮತ್ತೆ ಬೆಸೆಯುತ್ತದೆ. ಇಂಥವಕ್ಕೆ ಹಲ್ಲು ಸ್ವಲ್ಪ ದೊಡ್ಡದಿರುವ, ಅಥವಾ ಒಂದು ಹಲ್ಲು ಬಿಟ್ಟು ಒಂದು ಹಲ್ಲಿರುವ ಅಲಗು ತೆಗೆದುಕೊಂಡು ನಿಧಾನವಾಗಿ ಎಳೆಯಬೇಕು. ಬೊಂಬೆಯ ಕತ್ತಿನಂಥ ಕಡೆ ಮಾತ್ರ ತೆಳ್ಳನೆಯ ಅಲಗನ್ನೇ ಹಿಡಿದು, ನಾಲ್ಕು ಎಳೆತಕ್ಕೊಮ್ಮೆ ನಿಲ್ಲಿಸಿ, ಹಲ್ಲನ್ನು ಶುಚಿ ಮಾಡಿಕೊಳ್ಳುವ ತಾಳ್ಮೆ ಬೇಕು.

ಮೂರನೆಯದು ಆಕಾರದ ಪ್ರಶ್ನೆ. ತಿರುವುಗಳಿಗೆ ಚೌಕಟ್ಟಿನ ಗರಗಸ ಒಳ್ಳೆಯದು. ರೆಕ್ಕೆ, ಹಲಗೆಗಳ ನೇರ ಕೊಯ್ತಕ್ಕೆ ಬೆನ್ನಿಗೆ ಲೋಹದ ಪಟ್ಟಿ ಹಾಕಿ ಗಟ್ಟಿ ಮಾಡಿದ ರೇಜರ್ ಗರಗಸ ಉತ್ತಮ. ಅದರ ಸೀಳು 0.25 ಮಿ.ಮೀ. ಇದ್ದರೆ, ಅಷ್ಟೇ ದಪ್ಪದ ಪ್ಲಾಸ್ಟಿಕ್ ಹಾಳೆಯ ತುಂಡನ್ನು ನಡುವೆ ಇಟ್ಟು ಅಂಟಿಸಿ ಗರಗಸ ತಿಂದದ್ದನ್ನು ಹಾಗೆಯೇ ಹಿಂದಿರುಗಿಸಬಹುದು. ಆಸಿಡ್ಡಿನಿಂದ ಕೊರೆದು ಮಾಡಿದ, ಕಾಗದದಷ್ಟು ತೆಳ್ಳನೆಯ ಉಕ್ಕಿನ ಅಲಗುಗಳೂ ಇವೆ. ಅವು ಅತಿ ಕಡಿಮೆ ತಿನ್ನುತ್ತವೆ, ಅತಿ ಬೇಗ ಬಾಗುತ್ತವೆ.

ಬಳಸುವ ಕ್ರಮದಲ್ಲಿ ಅಕ್ಕಸಾಲಿಗರ ಅನುಭವವೇ ಪಾಠ. ಹಲ್ಲುಗಳ ಮೊನೆ ಹಿಡಿಯ ಕಡೆಗಿರಬೇಕು. ಕೊಯ್ಯುವುದು ಎಳೆಯುವಾಗ, ತಳ್ಳುವಾಗ ಅಲ್ಲ. ಬೆರಳಿನಿಂದ ಮೀಟಿದರೆ ಅಲಗು ತಂತಿಯಂತೆ ನಾದ ಕೊಡಬೇಕು. ಲೋಹ ಕೊಯ್ಯುವಾಗ ಅಲಗಿಗೆ ಆಗಾಗ ಜೇನುಮೇಣ ಸವರಬೇಕು. ಮೇಜಿನಂಚಿಗೆ ಬಿಗಿದ, ಇಂಗ್ಲಿಷಿನ ‘ವಿ’ ಅಕ್ಷರದಂತೆ ಕಚ್ಚು ಹಾಕಿದ ಹಲಗೆಯ ಮೇಲೆ ವಸ್ತುವನ್ನು ಒತ್ತಿ ಹಿಡಿಯಬೇಕು. ಬಿದ್ದ ಪುಡಿಯನ್ನು ಮರೆಯುವಂತಿಲ್ಲ. ಸೀಸದ ಪುಡಿ ವಿಷ. ರೆಸಿನ್ ಎರಕದ ಬೊಂಬೆಗಳ ನುಣ್ಣನೆಯ ಧೂಳು ಶ್ವಾಸಕೋಶಕ್ಕೆ ಕೆಡುಕು. ರೆಸಿನ್ನನ್ನು ನೀರು ಹಚ್ಚಿ ಕೊಯ್ಯುವುದು, ಮುಖಕ್ಕೆ ಮಾಸ್ಕ್ ಹಾಕುವುದು, ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ಕೈ ತೊಳೆಯುವುದು ಹವ್ಯಾಸದಷ್ಟೇ ಮುಖ್ಯ.

ಈಗ ತೆಳು ಹಲಗೆ, ಪ್ಲಾಸ್ಟಿಕ್ ಹಾಳೆಗಳನ್ನು ಲೇಸರ್ ಕಿರಣದಿಂದ ಕತ್ತರಿಸುವ ಯಂತ್ರಗಳು ಸಾಮಾನ್ಯವಾಗಿವೆ. ಅವಕ್ಕೆ ಹಲ್ಲಿಲ್ಲ, ಅಲಗಿಲ್ಲ. ಆದರೂ ಕಿರಣ ಹಾದುಹೋದಲ್ಲಿ ಕೂದಲೆಳೆಯಷ್ಟು ಮರ ಉರಿದುಹೋಗುತ್ತದೆ. ನಕ್ಷೆ ಬರೆಯುವವರು ಆ ನಷ್ಟವನ್ನು ಮೊದಲೇ ಅಳತೆಗೆ ಸೇರಿಸಿಕೊಳ್ಳಬೇಕು. ಚಪ್ಪಟೆ ಹಾಳೆಯ ಮೇಲೆ ಲೇಸರಿಗೆ ಸಾಟಿಯಿಲ್ಲ ನಿಜ. ಆದರೆ ಎರಕ ಹೊಯ್ದ ಬೊಂಬೆಯ ಕಂಕುಳಲ್ಲಿ, ಕಾಲರಿನ ಕೆಳಗೆ, ಬಂದೂಕಿಗೂ ಎದೆಗೂ ನಡುವೆ ಕೊಯ್ಯಬೇಕಾದಾಗ ಈಗಲೂ ಹವ್ಯಾಸಿ ಕೈಗೆತ್ತಿಕೊಳ್ಳುವುದು ಬಿಲ್ಲಿಗೆ ಕಟ್ಟಿದ ಉಕ್ಕಿನ ಎಳೆಯನ್ನೇ. ಹೊಸಬರ ಕೈಯಲ್ಲಿ ಮೊದಲ ಡಜನ್ ಅಲಗುಗಳು ಮುರಿಯುವುದು ಸಹಜ. ಅವು ದುಬಾರಿಯಲ್ಲ. ಮುರಿದ ಪ್ರತಿ ಅಲಗೂ ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬೆರಳಿಗೆ ಕಲಿಸುತ್ತದೆ.